ಕಾಲುವೆ ಬಂದ್ ಆದ ಮೇಲೆ ಬರುವ ನಳದ ನೀರು: ಏನು ಪರೀಕ್ಷೆ ಮಾಡಿಸಬೇಕು, ಸಂಪ್‌ಗೆ ಎಷ್ಟು ಬ್ಲೀಚಿಂಗ್ ಹಾಕಬೇಕು?

ಬಿಳಿಜೋಳ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮದು ರಾಯಚೂರು ಜಿಲ್ಲೆ, ತುಂಗಭದ್ರಾ ಎಡದಂಡೆ ಕಾಲುವೆ ಸಾಲಿನ ಸಣ್ಣ ಊರು. ಕಾಲುವೆ ಬಂದ್ ಆದ ಮೇಲೆ ಕೆರೆಯಲ್ಲಿ ತುಂಬಿಟ್ಟ ನೀರನ್ನೇ ಬಿಡುತ್ತಿದ್ದಾರೆ. ಆರು ದಿನಕ್ಕೊಮ್ಮೆ, ಒಂದೂವರೆ ತಾಸು.

ಮೊದಲ ಹತ್ತು ನಿಮಿಷ ನೀರು ಹಳದಿ, ಗಟಾರದ ವಾಸನೆ. ಆಮೇಲೆ ತಿಳಿಯಾಗುತ್ತದೆ, ಆದರೆ ಮಣ್ಣಿನ ವಾಸನೆ ಹೋಗುವುದಿಲ್ಲ, ಬಿಳಿ ಬಕೆಟ್‌ನಲ್ಲಿ ಹಿಡಿದರೆ ತುಸು ಹಸಿರು ಕಾಣುತ್ತದೆ. ಸಂಪ್ 6 ಅಡಿ ಉದ್ದ, 5 ಅಡಿ ಅಗಲ, ನೀರು ನಿಲ್ಲುವುದು 4 ಅಡಿ. ಬೋರ್‌ನ ಪೈಪೂ ಅದೇ ಸಂಪ್‌ಗೆ ಬರುತ್ತದೆ, ನಳದ ನೀರು ಸಾಲದಾಗ ಬೋರ್ ಬಿಡುತ್ತೇವೆ. ಟಿಡಿಎಸ್ (ಕರಗಿದ ಉಪ್ಪಿನಂಶ) ಮೀಟರ್‌ನಲ್ಲಿ ನಳದ ನೀರು 340, ಬೋರ್ ನೀರು 1,460. ಫಿಲ್ಟರ್ ಮಾರುವವರು 340 ನೋಡಿ, ಇಷ್ಟಿದ್ದರೆ ಆರ್‌ಒ (ಉಪ್ಪಿನಂಶ ತೆಗೆಯುವ ಯಂತ್ರ) ಹಾಕಲೇಬೇಕು ಎನ್ನುತ್ತಾರೆ.

ಮನೆಯಲ್ಲಿ ಮೂರು ವರ್ಷದ ಮಗು, ವಯಸ್ಸಾದ ಅತ್ತೆ ಇದ್ದಾರೆ. ಕಾಯಿಸಿ ಆರಿಸಿ ಕುಡಿದರೆ ಸಾಕೇ? ಸಂಪ್‌ಗೆ ಬ್ಲೀಚಿಂಗ್ ಪೌಡರ್ ಹಾಕುವುದಾದರೆ ಅಳತೆ ಏನು? ಏನೇನು ಪರೀಕ್ಷೆ ಮಾಡಿಸಬೇಕು? ಗೊತ್ತಿದ್ದವರು ಬಿಡಿಸಿ ಹೇಳಿ.

ಲ್ಯಾಬ್ ಬೆಂಚ್

ಮೊದಲು ಆ 340ರ ಭಯ ಬಿಡಿ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಲೀಟರಿಗೆ 500 ಮಿಲಿಗ್ರಾಂವರೆಗೆ ಟಿಡಿಎಸ್ ಚೆನ್ನಾಗಿಯೇ ಇದೆ ಎಂದರ್ಥ. ಬೇರೆ ನೀರೇ ಸಿಗದ ಕಡೆ 2,000ದವರೆಗೂ ಒಪ್ಪುತ್ತಾರೆ. ಅದಕ್ಕಿಂತ ಮುಖ್ಯವಾದದ್ದು, ಆ ಮೀಟರ್‌ಗೆ ರೋಗಾಣು ಕಾಣುವುದೇ ಇಲ್ಲ. ಅದು ಅಳೆಯುವುದು ಕರಗಿದ ಉಪ್ಪಿನಂಶವನ್ನು ಮಾತ್ರ. 15 ಲೀಟರ್ ಕೊಡಕ್ಕೆ ಒಂದು ಲೋಟ ಗಟಾರದ ನೀರು ಸುರಿದು ಅಳೆದರೆ 340 ಇದ್ದದ್ದು 350ರ ಹತ್ತಿರ ಬಂದೀತು, ಅಷ್ಟೇ. ಕಾಲರಾ ತರುವ ನೀರಿಗೂ ಒಳ್ಳೆ ನೀರಿಗೂ ಆ ಮೀಟರ್‌ನಲ್ಲಿ ಭೇದವಿಲ್ಲ.

ಹಾಗಂತ ಮೀಟರ್ ಎಸೆಯಬೇಡಿ. ನಿಮ್ಮ ಮನೆಯಲ್ಲಿ ಅದಕ್ಕೆ ಬೇರೆ ಕೆಲಸ ಇದೆ. ನಳ 340, ಬೋರ್ 1,460 ಎಂದು ಗೊತ್ತಿರುವುದರಿಂದ ಸಂಪ್‌ನ ನೀರು ಅಳೆದರೆ ಬೋರ್ ಎಷ್ಟು ಪಾಲು ಸೇರಿದೆ ಎಂದು ಲೆಕ್ಕ ಸಿಗುತ್ತದೆ. ಸಂಪ್ 620 ತೋರಿಸಿತು ಅನ್ನಿ. 620ರಲ್ಲಿ 340 ಕಳೆದರೆ 280. 1,460ರಲ್ಲಿ 340 ಕಳೆದರೆ 1,120. 280ನ್ನು 1,120ರಿಂದ ಭಾಗಿಸಿದರೆ ಕಾಲು ಭಾಗ ಬೋರ್ ನೀರು. ನಳದ ನೀರೇ ಒಂದು ದಿನ ಇದ್ದಕ್ಕಿದ್ದಂತೆ 800, 900 ತೋರಿಸಿದರೆ ಕೆರೆ ನೀರಿನ ಜೊತೆ ಎಲ್ಲೋ ಬೋರ್ ನೀರು ಸೇರಿಸುತ್ತಿದ್ದಾರೆ ಎಂದರ್ಥ.

ಈ ಲೆಕ್ಕ ಯಾಕೆ ಬೇಕು ಅಂದರೆ ಫ್ಲೋರೈಡ್. ರಾಯಚೂರು, ಕೊಪ್ಪಳ ಎರಡೂ ಕಡೆ ಬೋರ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರು ಬಹಳ. ಮಿತಿ ಲೀಟರಿಗೆ 1 ಮಿಲಿಗ್ರಾಂ, ತೀರಾ ಬೇರೆ ಗತಿಯಿಲ್ಲದಿದ್ದರೆ 1.5. ನಿಮ್ಮ ಬೋರ್‌ನಲ್ಲಿ 2.8 ಇದೆ, ಕೆರೆ ನೀರಿನಲ್ಲಿ 0.4 ಇದೆ ಎಂದು ಲ್ಯಾಬ್ ವರದಿ ಬಂತು ಅಂತ ಇಟ್ಟುಕೊಳ್ಳಿ. ಕಾಲು ಭಾಗ ಬೆರೆತರೆ ಸಂಪ್‌ನಲ್ಲಿ ಸರಿಯಾಗಿ 1.0. ಅರ್ಧ ಬೆರೆತರೆ 1.6. ಅಲ್ಲಿಗೆ ಮಿತಿ ದಾಟಿತು. ಹಲ್ಲು ಒಳಗೆ ರೂಪುಗೊಳ್ಳುವ ವಯಸ್ಸು ನಿಮ್ಮ ಮಗುವಿನದು. ಸುಮಾರು ಎಂಟು ವರ್ಷದೊಳಗೆ ಹೊಟ್ಟೆಗೆ ಹೋದ ಹೆಚ್ಚಿನ ಫ್ಲೋರೈಡ್ ಕಾಯಂ ಹಲ್ಲಿನ ಮೇಲೆ ಕಲೆಯಾಗಿ ಕಾಣುತ್ತದೆ, ಆಮೇಲೆ ಹೋಗುವುದಿಲ್ಲ. ನೀರು ಕುದಿಸಿದರೆ ಫ್ಲೋರೈಡ್ ಕಡಿಮೆಯಾಗುವುದಿಲ್ಲ, ಆವಿಯಾದಷ್ಟು ನೀರು ಕಡಿಮೆಯಾಗಿ ಇನ್ನೂ ಸ್ವಲ್ಪ ಗಟ್ಟಿಯಾಗುತ್ತದೆ. ನೈಟ್ರೇಟ್ ಕೂಡ ಹಾಗೆಯೇ.

ಪರೀಕ್ಷೆಗೆ ಎರಡು ಬಾಟಲಿ ಬೇಕು, ಎರಡಕ್ಕೂ ಹಿಡಿಯುವ ರೀತಿ ಬೇರೆ.

ರಾಸಾಯನಿಕ ಪರೀಕ್ಷೆಗೆ ಹೊಸ ಪ್ಲಾಸ್ಟಿಕ್ ಬಾಟಲಿ, 2 ಲೀಟರ್. ಅದೇ ನೀರಿನಿಂದ ಮೂರು ಸಲ ಗಲಬರಿಸಿ, ಬಾಯಿಮಟ್ಟ ತುಂಬಿ. ಫ್ಲೋರೈಡ್ ನೋಡುವುದರಿಂದ ಗಾಜಿನ ಬಾಟಲಿ ಬೇಡ. ಬೋರ್ ನೀರನ್ನು ಮೋಟರ್ ಹಾಕಿ ಹತ್ತು ನಿಮಿಷ ಬಿಟ್ಟ ಮೇಲೆ ಹಿಡಿಯಿರಿ. ಫ್ಲೋರೈಡ್, ನೈಟ್ರೇಟ್ (ಮಿತಿ ಲೀಟರಿಗೆ 45 ಮಿಲಿಗ್ರಾಂ), ಗಡಸುತನ (200, ಹೆಚ್ಚೆಂದರೆ 600), ಪಿಎಚ್ (6.5ರಿಂದ 8.5), ಕ್ಲೋರೈಡ್ ಇಷ್ಟನ್ನು ಕೇಳಿ. ಹಟ್ಟಿ, ಲಿಂಗಸುಗೂರು ಕಡೆಯ ಬೋರ್ ಆಗಿದ್ದರೆ ಆರ್ಸೆನಿಕ್ ಕೂಡ ಕೇಳಲೇಬೇಕು, ಚಿನ್ನದ ಗಣಿ ಸಾಲಿನ ಕಲ್ಲಿನಲ್ಲಿ ಅದು ಇದೆ. ಮಿತಿ 0.01 ಮಿಲಿಗ್ರಾಂ, ಅಂದರೆ ಬಣ್ಣ, ರುಚಿ, ವಾಸನೆ ಯಾವುದರಲ್ಲೂ ತಿಳಿಯುವುದಿಲ್ಲ.

ರೋಗಾಣು ಪರೀಕ್ಷೆಗೆ ಬಾಟಲಿಯನ್ನು ಲ್ಯಾಬ್‌ನಿಂದಲೇ ತರಬೇಕು. ಒಳಗೆ ಕಂಡೂ ಕಾಣದಷ್ಟು ಪುಡಿ ಇರುತ್ತದೆ, ಅದು ಸೋಡಿಯಂ ಥಯೋಸಲ್ಫೇಟ್. ನೀರಿನಲ್ಲಿರುವ ಕ್ಲೋರಿನ್ ದಾರಿಯುದ್ದಕ್ಕೂ ರೋಗಾಣು ಕೊಲ್ಲುತ್ತ ಹೋಗಿ ವರದಿ ಸುಳ್ಳಾಗಬಾರದು ಎಂದು ಅದನ್ನು ಹಾಕಿರುತ್ತಾರೆ. ಕೊಳೆ ಎಂದುಕೊಂಡು ತೊಳೆಯಬೇಡಿ. ನಳಕ್ಕೆ ಕಟ್ಟಿದ ಬಟ್ಟೆ, ರಬ್ಬರ್ ಪೈಪ್ ತೆಗೆದು, ಕಬ್ಬಿಣದ ನಳವಾದರೆ ಬಾಯಿಗೆ ಬೆಂಕಿ ತೋರಿಸಿ, ಪ್ಲಾಸ್ಟಿಕ್ ಆದರೆ ಸ್ಪಿರಿಟ್‌ನಿಂದ ಒರೆಸಿ, ಎರಡು ನಿಮಿಷ ನೀರು ಬಿಟ್ಟು ಹಿಡಿಯಿರಿ. ಮೇಲೆ ಒಂದು ಇಂಚು ಖಾಲಿ ಇರಲಿ. ಐಸ್ ಡಬ್ಬಿಯಲ್ಲಿಟ್ಟು ಆರು ತಾಸಿನೊಳಗೆ ಮುಟ್ಟಿಸಿ. 100 ಮಿಲಿಲೀಟರ್‌ನಲ್ಲಿ ಇ-ಕೋಲೈ (ಮಲದಿಂದ ಬರುವ ರೋಗಾಣು ಗುರುತು) ಒಂದೂ ಇರಬಾರದು.

ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಜಿಲ್ಲಾ ಪ್ರಯೋಗಾಲಯದಲ್ಲಿ ಸಾರ್ವಜನಿಕರ ಮಾದರಿಯನ್ನೂ ತೆಗೆದುಕೊಳ್ಳುತ್ತಾರೆ. ಮೊದಲೇ ವಿಚಾರಿಸಿ ದಿನ ಗೊತ್ತುಮಾಡಿಕೊಂಡು ಹೋಗಿ, ವಾರದ ಕೊನೆಗೆ ಹೋದರೆ ರೋಗಾಣು ಮಾದರಿ ಕೂತು ಕೆಡುತ್ತದೆ.

ಮನೆಯಲ್ಲೇ ನೋಡಲು ಎಚ್2ಎಸ್ ಬಾಟಲಿ ಸಿಗುತ್ತದೆ. ಗೆರೆಯವರೆಗೆ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿಡಿ, 24ರಿಂದ 48 ತಾಸಿನಲ್ಲಿ ಕಪ್ಪಾದರೆ ಮಲದ ಸೋಂಕು ಇದೆ ಎಂದು ತಿಳಿಯಬೇಕು. ನಮ್ಮ ಬೇಸಿಗೆಯಲ್ಲಿ ಅಡುಗೆಮನೆ ಕಟ್ಟೆಯ ಕಾವೇ ಸಾಕು. ಆದರೆ ಕೊಳೆತ ಮೊಟ್ಟೆಯ ವಾಸನೆ ಇರುವ ಬೋರ್ ನೀರು ಸೋಂಕಿಲ್ಲದೆಯೂ ಕಪ್ಪಾಗಬಹುದು.

ಎಲ್ಲಕ್ಕಿಂತ ಮೊದಲು ಕ್ಲೋರಿನ್ ನೋಡುವ ಕಿಟ್ ತನ್ನಿ. ಡಿಪಿಡಿ ಮಾತ್ರೆಯದು ತನ್ನಿ, 10 ಮಿಲಿಲೀಟರ್ ನೀರಿಗೆ ಒಂದು ಮಾತ್ರೆ, ಗುಲಾಬಿ ಬಣ್ಣ ಬಂದಷ್ಟು ಕ್ಲೋರಿನ್. ಹಳದಿ ಬರುವ ಹನಿ ಔಷಧವೂ ಸಿಗುತ್ತದೆ, ಅದು ಹೊಲಸಿನ ಜೊತೆ ಬೆರೆತು ಶಕ್ತಿ ಕಳೆದುಕೊಂಡ ಕ್ಲೋರಿನ್ನನ್ನೂ ಸೇರಿಸಿ ತೋರಿಸುತ್ತದೆ, ತಡ ಮಾಡಿದಷ್ಟೂ ಹಳದಿ ಏರುತ್ತದೆ. ನಳದಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ನೀರು ಬಿಟ್ಟು ಇಪ್ಪತ್ತು ನಿಮಿಷವಾದ ಮೇಲೆ ಮೂರು ಕಡೆ ನೋಡಿ: ಬೀದಿ ನಳ, ನೀರು ಬರುವ ದಿಕ್ಕಿನ ಪಕ್ಕದ ಮನೆ, ನಿಮ್ಮ ಮನೆ. ಆಮೇಲೆ ಎರಡು ದಿನ ಬಿಟ್ಟು ಸಂಪ್‌ನ ನೀರು. ಅಂಕಿ ಇಲ್ಲಿ ಹಾಕಿ.

ಪೈಪ್ ಪಾನಾ

ಅಕ್ಕಾರ, ಲ್ಯಾಬ್‌ನೋರು ಹೇಳಿದ್ದು ಖರೆ ಐತಿ. ನಾ ಪೈಪಿನ ಮಾತು ಹೇಳ್ತೀನಿ. ಮೊದಲ ಹತ್ತು ನಿಮಿಷ ಗಟಾರದ ವಾಸನಿ ಅಂದ್ರ ಅದು ಕೆರಿ ನೀರಿನ ತಪ್ಪಲ್ರಿ. ಆರು ದಿನ ಪೈಪ್ ಖಾಲಿ ಬಿದ್ದಿರತೈತಿ. ವಾಲ್ವ್ ಬಂದ್ ಮಾಡಿದ ಕೂಡ್ಲೆ ಒಳಗಿನ ನೀರು ತಗ್ಗಿನ ಮನಿ ಕಡಿ ಇಳೀತೈತಿ, ಹಿಂದ ಎಳತ ಬೀಳತೈತಿ. ಆ ಎಳತಕ್ಕ ಎಲ್ಲಿ ಸಣ್ಣ ತೂತು ಐತೋ ಅಲ್ಲಿಂದ ಗಟಾರದ ನೀರು ಒಳಗ ಹೊಗತೈತಿ. ನೀರು ಬರೋ ತಾಸಿನಾಗ ಹೊರಗ ಸೋರೋ ಅದ ತೂತು, ನೀರು ಹೋದ ಮ್ಯಾಲ ಒಳಗ ಕುಡೀತೈತಿ.

ಹೊಲಸು ಯಾರ ಪೈಪಿಂದು ಅಂತ ತಿಳಕೊಳ್ಳೋದು ಹೀಂಗ. ಅರ್ಧ ಇಂಚಿನ ಪೈಪ್ 20 ಮೀಟರ್ ಉದ್ದ ಇದ್ರ ಅದರಾಗ ಹಿಡಿಯೋದು ಮೂರೂವರಿ ಲೀಟರ್ ಮಾತ್ರ. ಅಂದ್ರ ಅರ್ಧ ಕೊಡದೊಳಗ ನಿಮ್ಮ ಸ್ವಂತ ಪೈಪಿನ ನೀರು ಮುಗೀತು. ಹತ್ತು ನಿಮಿಷ ಹೊಲಸು ಬರ್ತೈತಿ ಅಂದ್ರ ಮೇನ್ ಲೈನಿನಾಗೂ ಸೇರಿಕೊಂಡೈತಿ. ಬಾಜೂ ಮನ್ಯಾಗೂ ಹತ್ತು ನಿಮಿಷ ಬಂದ್ರ ಮೇನ್ ಲೈನ್. ಅವರಿಗೆ ಎರಡ ನಿಮಿಷಕ್ಕ ತಿಳಿ ಆಗಿ ನಿಮಗ ಮಾತ್ರ ಮುಂದುವರದ್ರ ನಿಮ್ಮ ಪೈಪಿಗೆ ನೀರು ಬರೋ ತಾಸಿನಾಗೂ ಗಟಾರ ಸೇರಾಕತ್ತೈತಿ, ಒತ್ತಡ ಅಷ್ಟು ಕಮ್ಮಿ ಐತಿ ಅಂತ.

ನೀರು ಬಿಟ್ಟ ದಿನ ಗಟಾರದ ದಂಡಿಗೆ ನಿಂತು ನೋಡ್ರಿ. ಪೈಪ್ ದಾಟೋ ಜಾಗದಾಗ ಬುಳುಬುಳು ಗುಳ್ಳೆ ಎದ್ರ ಅಲ್ಲೇ ತೂತು. ಜಿಐ (ಸತು ಲೇಪದ ಕಬ್ಬಿಣ) ಪೈಪ್ ಇದ್ರ ಯಾವಾಗಲೂ ಒಂದ ಕಡೆ ಕೊಳೀತೈತಿ: ಗಟಾರದ ನೀರಿನ ಮಟ್ಟ ಬಂದು ಹೋಗೋ ಗೆರಿ ಮ್ಯಾಲ. ಮ್ಯಾಲ ನೋಡಿದ್ರ ಬರೇ ತುಕ್ಕು, ಉಗುರಿಲೆ ಕೆರದ್ರ ಪದರ ಪದರಾಗಿ ಎದ್ದು ಬರತೈತಿ, ಒಳಗ ಗುಂಡುಸೂಜಿ ಗಾತ್ರದ ತೂತು. ಸೈಕಲ್ ಟ್ಯೂಬ್ ಕಟ್ಟಿ ಬಿಡಬ್ಯಾಡ್ರಿ, ಒಂದ ಬ್ಯಾಸಗಿಗೆ ಸಡಲಾಗತೈತಿ.

ಗಟಾರ ದಾಟೋ ತುಂಡನ್ನ ಪೂರಾ ತೆಗೀರಿ. 20 ಎಂ.ಎಂ. ಎಚ್‌ಡಿಪಿಇ (ಬಾಗೋ ಪ್ಲಾಸ್ಟಿಕ್) ಪೈಪ್ ಹಾಕ್ರಿ, ಅದು ಸುರುಳಿಯಾಗಿ ಸಿಗತೈತಿ, ನಡುವ ಜಾಯಿಂಟ್ ಬೇಕಾಗಿಲ್ಲ. ಆ ಪೈಪನ್ನ 2 ಇಂಚಿನ ಪಿವಿಸಿ ಪೈಪಿನೊಳಗ ತೂರಿಸಿ, ಗಟಾರದ ತಳದಾಗ ಅಲ್ಲ, ಮ್ಯಾಲಿಂದ ದಾಟಸ್ರಿ. ಜೋಡಿಸೋ ಫಿಟಿಂಗ್ ಎರಡೂ ಕಡಿ ಗಟಾರದ ಗ್ವಾಡಿಯಿಂದ ಒಂದು ಅಡಿ ಆಚಿಗೆ ಬರಬೇಕು. ಬರೇ ಬಿಳಿ ಪಿವಿಸಿ ಬಿಸಿಲಿಗೆ ಬಿಟ್ರ ಎರಡು ಮೂರು ವರ್ಷಕ್ಕ ಸೀಳತೈತಿ. ರಸ್ತಿ ಅಗಿಯೋ ಮೊದಲು ಊರಿನ ಕಚೇರಿಗೆ ಹೇಳಿ, ವಾಲ್ವ್‌ಮನ್ನಿಗೆ ಕರಕೊಂಡು ಮಾಡ್ರಿ.

ಇನ್ನ ನಳದ ಗುಂಡಿ. ತಗ್ಗಿನಾಗ ನೀರು ಏರವಲ್ದು ಅಂತ ಮನಿ ಮುಂದ ಎರಡು ಅಡಿ ಗುಂಡಿ ತೋಡಿ, ಅದರಾಗ ನಳ ಇಟ್ಟು, ಕೊಡ ಇಳಿಸಿ ತುಂಬತಾರ. ನಿಮ್ಮ ಓಣ್ಯಾಗ ಎಷ್ಟ ಅದಾವ ಎಣಸ್ರಿ. ಪಾತ್ರಿ ತೊಳೆದ ನೀರು, ಕೂಸಿನ ಬಟ್ಟಿ ತೊಳೆದ ನೀರು, ಮಳಿ ನೀರು ಎಲ್ಲಾ ಅದರಾಗ ನಿಲ್ಲತೈತಿ. ಅದರಾಗ ಹಸಿರು ರಬ್ಬರ್ ಪೈಪ್ ಬಿದ್ದಿರತೈತಿ, ನಳಕ್ಕ ತಿರುವಣಿ ಇರಂಗಿಲ್ಲ. ನೀರು ನಿಂತ ಗಳಿಗಿಗೆ ಗುಂಡಿ ಒಳಗಿನ ನೀರು ಆ ರಬ್ಬರ್ ಪೈಪಿನಾಗಿಂದ ಸೀದಾ ಮೇನ್ ಲೈನಿಗೆ ಹೋಗತೈತಿ. ಒಂದು ಗುಂಡಿ ಸಾಕು, ಓಣಿಗೆಲ್ಲಾ ಹರಡಾಕ. ತಿರುವಣಿ ನಳ ಹಾಕಿ, ನೀರು ಹಿಡದ ಕೂಡ್ಲೆ ಬಂದ್ ಮಾಡಿ, ರಬ್ಬರ್ ಪೈಪ್ ಬಿಚ್ಚಿ ಮ್ಯಾಲ ಇಡ್ರಿ. ನಿಮ್ಮ ಕಡಿಂದ ಮೇನಿಗೆ ಹೋಗದಂಗ ಸರ್ವಿಸ್ ಪೈಪಿಗೆ ಅರ್ಧ ಇಂಚಿನ ಹಿತ್ತಾಳಿ ನಾನ್ ರಿಟರ್ನ್ ವಾಲ್ವ್ ಕೂಡಸ್ರಿ, ಬಾಣದ ಗುರುತು ಮನಿ ಕಡಿ ಇರಬೇಕು. ಉಸುಕು ಕೂತ್ರ ಅದು ಪೂರಾ ಮುಚ್ಚಂಗಿಲ್ಲ, ವರ್ಷಕ್ಕೊಮ್ಮೆ ಬಿಚ್ಚಿ ತೊಳೀರಿ.

ನಳಕ್ಕ ಸೀದಾ ಮೋಟರ್ ಹಚ್ಚಿ ಎಳೆಯೋದು ಇನ್ನೂ ಕೆಟ್ಟದ್ದು. ಅರ್ಧ ಎಚ್‌ಪಿ ಮೋಟರ್ ಎಳದ್ರ ಓಣ್ಯಾಗಿರೋ ಎಲ್ಲಾ ತೂತಿನಾಗಿಂದ ಗಟಾರ ಒಳಗ ಬರತೈತಿ, ನೀರು ಬರೋ ತಾಸಿನಾಗೇ. ನೀರನ್ನ ಮೊದಲು ತಗ್ಗಿನ ಸಂಪಿಗೆ ತಾನಾಗಿ ಬೀಳಾಕ ಬಿಡ್ರಿ, ಮೋಟರ್ ಸಂಪಿನಿಂದ ಮ್ಯಾಲಿನ ಟಾಕಿಗೆ ಮಾತ್ರ.

ಸಂಪಿನಾಗ ನಳದ ಪೈಪಿನ ಬಾಯಿ ನೀರಾಗ ಮುಳುಗಬಾರದು. ಸಂಪ್ ತುಂಬಿದಾಗೂ ನೀರಿಗೂ ಪೈಪಿನ ಬಾಯಿಗೂ ನಾಲ್ಕು ಬೆರಳು ಅಂತರ ಇರಲಿ. ಬೋರಿನ ಪೈಪೂ ಬ್ಯಾರೇನೇ ಬಂದು ಬೀಳಲಿ. ಎರಡನ್ನೂ ಟೀ (ಮೂರು ಬಾಯಿಯ ಫಿಟಿಂಗ್) ಹಾಕಿ ಜೋಡಿಸಿ ನಡುವ ಗೇಟ್ ವಾಲ್ವ್ ಇಟ್ಟಿದ್ರ ಇವತ್ತ ಬಿಚ್ಚಸ್ರಿ. ಆ ವಾಲ್ವ್ ಸ್ವಲ್ಪ ಸೋರಿದ್ರೂ ಬೋರಿನ ಒತ್ತಡಕ್ಕ ನಿಮ್ಮ ಬೋರ್ ನೀರು ಊರ ಲೈನಿಗೆ ಹೋಗತೈತಿ.

ಬಿಳಿಜೋಳ

ಇಬ್ಬರಿಗೂ ಧನ್ಯವಾದ. ಡಿಪಿಡಿ ಕಿಟ್‌ನಲ್ಲಿ ಬಂದ ಅಂಕಿ: ಬೀದಿ ನಳ 0.4, ಮೇಲಿನ ಮನೆ (ನೀರು ಬರುವ ದಿಕ್ಕಿನ ಪಕ್ಕದ ಮನೆ) 0.4, ನಮ್ಮ ನಳ 0.1, ಸಂಪ್‌ನಲ್ಲಿ ಎರಡನೇ ದಿನ ಸೊನ್ನೆ. ಮೇಲಿನ ಮನೆಗೆ ಎರಡು ಮೂರು ನಿಮಿಷಕ್ಕೆ ತಿಳಿಯಾಗುತ್ತದೆ. ನಮ್ಮದು ಜಿಐ ಪೈಪೇ, ಗಟಾರದ ತಳದಲ್ಲೇ ದಾಟುತ್ತದೆ. ಪೈಪ್ ಬದಲಿಸುವವರೆಗೆ ಬ್ಲೀಚಿಂಗ್ ಎಷ್ಟು, ಹೇಗೆ? ಹಸಿರು ಛಾಯೆಗೆ ಏನು ಮಾಡಬೇಕು?

ಫಿಲ್ಟರ್ ಬೆಡ್

ಅಂಕಿ ಸ್ಪಷ್ಟವಾಗಿವೆ. ಮೇಲಿನ ಮನೆಯವರೆಗೆ 0.4 ಬಂದ ಕ್ಲೋರಿನ್ ನಿಮ್ಮಲ್ಲಿ 0.1 ಆಗಿದೆ. ಆ ನಡುವೆ ಅದನ್ನು ತಿಂದುಹಾಕುವಷ್ಟು ಹೊಲಸು ಸೇರುತ್ತಿದೆ. ಪೈಪ್ ಪಾನಾ ಹೇಳಿದ ತುಂಡನ್ನು ತಡ ಮಾಡದೆ ಬದಲಿಸಿ. ಅಲ್ಲಿಯವರೆಗೆ ಆ ನಳದ ನೀರನ್ನು ಕುಡಿಯಲು ಹಿಡಿಯಬೇಡಿ, ಮೇಲಿನ ಮನೆಯಿಂದ ನಾಲ್ಕು ಕೊಡ ಕುಡಿಯುವ ನೀರು ತನ್ನಿ. ಸಣ್ಣ ಮಕ್ಕಳಿರುವ ಮನೆಯಲ್ಲಿ ಇದರಲ್ಲಿ ಸಂಕೋಚ ಬೇಡ. 2022ರ ಮೇ ಕೊನೆಯಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರಿನಿಂದ ವಾಂತಿ ಭೇದಿ ಹಬ್ಬಿ ಜನ ಪ್ರಾಣ ಕಳೆದುಕೊಂಡದ್ದು ಈ ಭಾಗದವರಿಗೆ ಮರೆಯುವ ವಿಷಯವಲ್ಲ.

ಈಗ ಸಂಪ್. 6 ಅಡಿಗೆ 5 ಅಡಿ ಅಂದರೆ ಪ್ರತಿ ಒಂದು ಅಡಿ ಎತ್ತರದ ನೀರು ಸುಮಾರು 850 ಲೀಟರ್ (ಒಂದು ಘನ ಅಡಿಗೆ 28.3 ಲೀಟರ್). ತುಂಬಿದರೆ 3,400. ಒಂದು ಕೋಲಿಗೆ ಅಡಿ ಗುರುತು ಮಾಡಿ ಸಂಪ್ ಬಳಿ ಇಟ್ಟುಕೊಳ್ಳಿ.

ಬ್ಲೀಚಿಂಗ್ ಪೌಡರ್ ಹೊಸದಾಗಿದ್ದಾಗ ಶೇಕಡಾ 33ರಷ್ಟು ಕ್ಲೋರಿನ್ ಇರುತ್ತದೆ. ನಮ್ಮ ಕಡೆಯ ಬಿಸಿಲಿಗೆ ಅಂಗಡಿಯಲ್ಲಿ ಕೂತ ಚೀಲದಲ್ಲಿ 25 ಉಳಿದಿದ್ದರೆ ಪುಣ್ಯ. 25 ಎಂದು ಹಿಡಿದರೆ, 1,000 ಲೀಟರಿಗೆ 4 ಗ್ರಾಂ ಹಾಕಿದಾಗ ಲೀಟರಿಗೆ 1 ಮಿಲಿಗ್ರಾಂ ಕ್ಲೋರಿನ್ ಸಿಗುತ್ತದೆ. ನಿಮ್ಮ ಸಂಪ್‌ಗೆ ಅಡಿಗೆ ಮೂರೂವರೆ ಗ್ರಾಂ, ತುಂಬಿದ ದಿನ 14 ಗ್ರಾಂ. ಮಟ್ಟ ಮಾಡಿದ ಚಹಾ ಚಮಚದಲ್ಲಿ ಸುಮಾರು 4 ಗ್ರಾಂ ಹಿಡಿಯುತ್ತದೆ, ಆದರೂ ಬಂಗಾರದ ಅಂಗಡಿಯ ತಕ್ಕಡಿಯಲ್ಲಿ ಒಮ್ಮೆ ನಿಮ್ಮ ಚಮಚವನ್ನೇ ತೂಗಿಸಿಕೊಂಡು ಬನ್ನಿ. ಗಂಟು ಕಟ್ಟಿದ, ಮೂಗಿಗೆ ಹೊಡೆಯದ ಪುಡಿ ಸತ್ತಿದೆ ಎಂದು ತಿಳಿಯಿರಿ. ಉಳಿದ ಪುಡಿಯನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕತ್ತಲಲ್ಲಿಡಿ, ಕಬ್ಬಿಣದ ಡಬ್ಬಿ ತಿಂದುಹೋಗುತ್ತದೆ.

ಪುಡಿಯನ್ನು ನೇರ ಸಂಪ್‌ಗೆ ಚೆಲ್ಲಬಾರದು. ಪ್ಲಾಸ್ಟಿಕ್ ಮಗ್‌ನಲ್ಲಿ ಸ್ವಲ್ಪ ನೀರಿನಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಆಮೇಲೆ ಅರ್ಧ ಬಕೆಟ್ ನೀರಿಗೆ ಸೇರಿಸಿ ತಿರುವಿ, ಹದಿನೈದು ನಿಮಿಷ ಬಿಡಿ. ತಳದಲ್ಲಿ ಬಿಳಿ ಸುಣ್ಣ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಸಂಪ್‌ಗೆ ಸುರಿದು ಉದ್ದ ಕೋಲಿನಿಂದ ಕಲಕಿ. ಅರ್ಧ ತಾಸು ಬಿಟ್ಟು ಡಿಪಿಡಿ ಹಾಕಿ ನೋಡಿ. 0.2ರಿಂದ 0.5 ಇದ್ದರೆ ಸರಿ. ಸೊನ್ನೆ ಬಂದರೆ ನೀರಿನ ಹೊಲಸೇ ಎಲ್ಲವನ್ನೂ ತಿಂದಿದೆ, ಅಷ್ಟೇ ಪ್ರಮಾಣ ಮತ್ತೊಮ್ಮೆ. 1 ದಾಟಿದರೆ ಮುಚ್ಚಳ ತೆಗೆದು ಕಾಯಿರಿ. ನಿಮ್ಮಲ್ಲಿ ಎರಡನೇ ದಿನಕ್ಕೆ ಸೊನ್ನೆಯಾಗುವುದರಿಂದ ಎರಡನೇ, ನಾಲ್ಕನೇ ದಿನ ಉಳಿದ ನೀರನ್ನು ಕೋಲಿನಿಂದ ಅಳೆದು ಅಡಿಗೆ 2 ಗ್ರಾಂನಂತೆ ಸೇರಿಸಿ.

ಅಷ್ಟು ಬೇಗ ಸೊನ್ನೆಯಾಗಲು ಸಂಪ್‌ನ ತಳದ ಕೆಸರೂ ಕಾರಣ. ನೀರು ಬರುವ ಹಿಂದಿನ ದಿನ ಖಾಲಿ ಮಾಡಿಸಿ ತೊಳೆಸಿ. ಮುಚ್ಚಳ ತೆಗೆದು ಒಂದು ತಾಸು ಗಾಳಿಯಾಡಲು ಬಿಡದೆ ಯಾರನ್ನೂ ಇಳಿಸಬೇಡಿ, ಮೇಲೆ ಒಬ್ಬರು ನಿಂತಿರಲೇಬೇಕು. ಗೋಡೆಯ ಬಿಳಿ ಪದರ ತೆಗೆಯಲು ಕೆಲವರು ಆ್ಯಸಿಡ್ ಹಾಕಿ, ಅದರ ಮೇಲೆಯೇ ಬ್ಲೀಚಿಂಗ್ ಎರಚುತ್ತಾರೆ. ಎರಡೂ ಕೂಡಿದರೆ ಏಳುವುದು ಕ್ಲೋರಿನ್ ಅನಿಲ. ಅದು ಗಾಳಿಗಿಂತ ಭಾರ, ಸಂಪ್‌ನ ತಳದಲ್ಲೇ ನಿಲ್ಲುತ್ತದೆ, ಇಳಿದವರು ಮೇಲೆ ಬರಲಾರರು. ಆ್ಯಸಿಡ್ ಬೇಡವೇ ಬೇಡ, ತೆಂಗಿನ ನಾರಿನಲ್ಲಿ ಉಜ್ಜಿದರೆ ಸಾಕು. ಕೊನೆಗೆ 10 ಲೀಟರ್ ನೀರಿಗೆ 50 ಗ್ರಾಂ ಬ್ಲೀಚಿಂಗ್‌ನ ತಿಳಿಯನ್ನು ಮೇಲಿನಿಂದಲೇ ಉದ್ದ ಬ್ರಷ್‌ನಲ್ಲಿ ಗೋಡೆಗೆ ಬಳಿದು, ಅರ್ಧ ತಾಸಿನ ನಂತರ ತೊಳೆದು ಹೊರಹಾಕಿ.

ಹಸಿರಿನ ವಿಷಯಕ್ಕೆ ಬರುತ್ತೇನೆ, ಇದರಲ್ಲಿ ಜನ ತಪ್ಪುವುದು ಹೆಚ್ಚು. ಕೆರೆಯಲ್ಲಿ ನೀರು ನಿಂತು, ಗದ್ದೆಗಳಿಂದ ಬಸಿದ ಗೊಬ್ಬರದ ಅಂಶ ಸೇರಿ, ಬಿಸಿಲು ಕಾಯ್ದಾಗ ಪಾಚಿ ಬೆಳೆಯುತ್ತದೆ. ಮಣ್ಣಿನ ವಾಸನೆ ಬರುವುದು ಜಿಯೋಸ್ಮಿನ್ ಎಂಬ ವಸ್ತುವಿನಿಂದ. ಮೊದಲ ಮಳೆ ಬಿದ್ದಾಗ ನೆಲದಿಂದ ಏಳುವ ವಾಸನೆಯೂ ಅದರದೇ. ಅದರಿಂದ ಅಪಾಯವಿಲ್ಲ. ಅಪಾಯ ಇರುವುದು ನೀಲಿ ಹಸಿರು ಪಾಚಿಯಲ್ಲಿ, ಅದರ ಕೆಲವು ಜಾತಿ ಯಕೃತ್ತಿಗೆ ವಿಷವಾಗುವ ವಸ್ತು ಮಾಡುತ್ತವೆ. ಆ ವಿಷ ಪಾಚಿಯ ಕೋಶದೊಳಗೆ ಇರುತ್ತದೆ. ನೀರು ಕುದಿಸಿದರೆ ಕೋಶ ಒಡೆದು ವಿಷ ನೀರಿಗೆ ಬರುತ್ತದೆ, ಕುದಿತಕ್ಕೆ ಅದು ನಾಶವಾಗುವುದಿಲ್ಲ. ಹಸಿರು ನೀರಿಗೆ ನೇರ ಬ್ಲೀಚಿಂಗ್ ಸುರಿದರೂ ಕೋಶ ಒಡೆಯುತ್ತದೆ. ಆದ್ದರಿಂದ ಹಸಿರು ಕಾಣುವ ನೀರಿನಲ್ಲಿ ಪಾಚಿಯನ್ನು ಇಡಿಯಾಗಿ ತೆಗೆಯುವುದು ಮೊದಲ ಕೆಲಸ, ಕ್ಲೋರಿನ್ ಹಾಕುವುದು, ಕಾಯಿಸುವುದು ಆಮೇಲೆ. ಮೇಲೆ ಹೇಳಿದ ಸಂಪ್‌ನ ಅಳತೆ ತಿಳಿ ನೀರಿಗೆ. ಹಸಿರು ಬಂದ ವಾರ ಸಂಪ್‌ನ ನೀರು ಬಳಕೆಗೆ ಮಾತ್ರ ಇರಲಿ, ಕುಡಿಯುವ ನೀರನ್ನು ಮೇಲಿನ ಮನೆಯಿಂದ ತಂದಿದ್ದರೂ ಕೊಡದಲ್ಲೇ ಬೇರೆಯಾಗಿ ಶುದ್ಧ ಮಾಡಿ.

ಯಾವ ಪಾಚಿ ಎಂದು ಅಂದಾಜು ಮಾಡಲು ಗಾಜಿನ ಬಾಟಲಿಗೆ ಮುಕ್ಕಾಲು ನೀರು ತುಂಬಿ ಒಂದು ದಿನ ಅಲುಗಿಸದೆ ಇಡಿ. ಹಸಿರು ತಳಕ್ಕೆ ಕೂತರೆ ಸಾಮಾನ್ಯ ಪಾಚಿ ಇರಬಹುದು. ಬಣ್ಣ ಚೆಲ್ಲಿದಂತೆ ಮೇಲ್ಗಡೆ ಪದರ ಕಟ್ಟಿದರೆ ನೀಲಿ ಹಸಿರು ಪಾಚಿಯ ಲಕ್ಷಣ. ಅಂಥ ನೀರನ್ನು ಕುಡಿಯಲು, ಅಡುಗೆಗೆ ಬಳಸಬೇಡಿ, ನೀರು ಬಿಡುವ ಕಚೇರಿಗೆ ಆ ಬಾಟಲಿಯನ್ನೇ ಒಯ್ದು ತೋರಿಸಿ.

ಪದರ ಕಟ್ಟದ, ತುಸು ಛಾಯೆ ಮಾತ್ರ ಇರುವ ನೀರಿಗೆ ಪಟಿಕ, ಅಂದರೆ ಆಲಂ. 20 ಲೀಟರಿಗೆ 1 ಗ್ರಾಂ, ಒಂದು ಕಡಲೆಕಾಳಿಗಿಂತ ಸ್ವಲ್ಪ ದೊಡ್ಡ ಹರಳು. ಪುಡಿ ಮಾಡಿ ಅರ್ಧ ಲೋಟ ನೀರಿನಲ್ಲಿ ಕರಗಿಸಿ ಸುರಿದು, ಒಂದು ನಿಮಿಷ ಜೋರಾಗಿ, ಆಮೇಲೆ ಐದು ನಿಮಿಷ ನಿಧಾನವಾಗಿ ತಿರುವಿ. ನಿಧಾನದ ತಿರುವು ಬಿಟ್ಟರೆ ಹಿಂಜಿದ ಹತ್ತಿಯಂಥ ಗಸಿ ಕಟ್ಟುವುದೇ ಇಲ್ಲ, ಎಷ್ಟು ಪಟಿಕ ಹಾಕಿದರೂ ವ್ಯರ್ಥ. ಎರಡು ತಾಸು ಬಿಟ್ಟು ಮೇಲಿನ ನೀರನ್ನು ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸಿ. ತಳದ ನಾಲ್ಕು ಬೆರಳು ನೀರು ಚೆಲ್ಲಿಬಿಡಿ. ಈಗ ಕ್ಲೋರಿನ್ ಮಾತ್ರೆ: 20 ಲೀಟರಿನದು ಎಂದು ಬರೆದಿರುವ 67 ಮಿಲಿಗ್ರಾಂ ಮಾತ್ರೆ ಒಂದು, ಅರ್ಧ ತಾಸು ಮುಚ್ಚಿಡಿ. ಮಗುವಿಗೆ ಮತ್ತು ಅತ್ತೆಯವರಿಗೆ ಕೊಡುವ ನೀರನ್ನು ಇಷ್ಟಾದ ಮೇಲೆ ಕಾಯಿಸಿ, ದೊಡ್ಡ ಗುಳ್ಳೆ ಎದ್ದು ಒಂದು ನಿಮಿಷ ಕುದಿದರೆ ಸಾಕು. ಕ್ಲೋರಿನ್‌ಗೆ ಸಾಯದ ಕೆಲವು ಪರೋಪಜೀವಿಗಳು ಕುದಿತಕ್ಕೆ ಸಾಯುತ್ತವೆ. ಕುದಿಸಿದ ಪಾತ್ರೆಯಲ್ಲೇ ಆರಲಿ, ಬೇರೆ ಕೊಡಕ್ಕೆ ಬಗ್ಗಿಸಬೇಡಿ.

ಮೆಂಬ್ರೇನ್ 80

ಆರ್‌ಒ ಬಗ್ಗೆ ಒಂದೆರಡು ಮಾತು. ಬರೀ ಕೆರೆ ನೀರಿಗೆ ಅದು ಬೇಕಿಲ್ಲ. ಕಾರ್ಬನ್ ಫಿಲ್ಟರ್, ಯುಎಫ್ (ಸಣ್ಣ ರಂಧ್ರದ ಸೋಸುವ ಪೊರೆ), ಯುವಿ (ರೋಗಾಣು ಕೊಲ್ಲುವ ನೇರಳಾತೀತ ಬೆಳಕು) ಇರುವ ಯಂತ್ರ ಸಾಕು, ಮಣ್ಣಿನ ವಾಸನೆಯನ್ನೂ ಕಾರ್ಬನ್ನೇ ಎಳೆದುಕೊಳ್ಳುತ್ತದೆ. ಕಲಕಿದ ನೀರಿನಲ್ಲಿ ಯುವಿ ಬೆಳಕು ತೂರುವುದಿಲ್ಲ, ಆದ್ದರಿಂದ ಯಂತ್ರದ ಮುಂದೆ ಇರುವ 5 ಮೈಕ್ರಾನ್ ಸ್ಪನ್ ಫಿಲ್ಟರ್ (ಕೆಸರು ತಡೆಯುವ ಬಿಳಿ ಕೊಳವೆ) ಕಂದಾದ ಕೂಡಲೇ ಬದಲಿಸಿ.

ಬೋರ್ ನೀರು ಕುಡಿಯಲೇಬೇಕಾಗಿ ಬಂದು, ಫ್ಲೋರೈಡ್ ಮಿತಿ ದಾಟಿದ್ದರೆ ಆರ್‌ಒ ಬೇಕು. ಆಗ ಒಂದು ತಿರುಪಿನ ಮೇಲೆ ಕಣ್ಣಿಡಿ. ಟಿಡಿಎಸ್ ಕಂಟ್ರೋಲರ್ ಎಂಬ ಸಣ್ಣ ವಾಲ್ವ್ ಇರುತ್ತದೆ. ರುಚಿಗೆಂದು ಅದನ್ನು ತೆರೆದರೆ ಮೆಂಬ್ರೇನ್ (ಉಪ್ಪಿನಂಶ ತಡೆಯುವ ಪೊರೆ) ದಾಟದ ನೀರು ಅಡ್ಡದಾರಿಯಲ್ಲಿ ಬಂದು ಬೆರೆಯುತ್ತದೆ, ತೆಗೆದ ಫ್ಲೋರೈಡ್ ಮತ್ತೆ ಲೋಟಕ್ಕೇ. ಫ್ಲೋರೈಡ್ ಇರುವ ಮನೆಯಲ್ಲಿ ಅದು ಪೂರ್ತಿ ಬಂದ್ ಇರಬೇಕು. ಬಂದ್ ಮಾಡಿ ಅಳೆದಾಗ ಒಳಗೆ 1,460 ಇದ್ದರೆ ಹೊರಗೆ 150ರೊಳಗೆ ಬರಬೇಕು, ಅದಕ್ಕಿಂತ ಏರಿದರೆ ಮೆಂಬ್ರೇನ್ ಮುಗಿದಿದೆ. ಸಂಪ್‌ಗೆ ಬ್ಲೀಚಿಂಗ್ ಹಾಕುವವರು ಕಾರ್ಬನ್ ಫಿಲ್ಟರನ್ನು ವೇಳೆಗೆ ಸರಿಯಾಗಿ ಬದಲಿಸದಿದ್ದರೆ ಕ್ಲೋರಿನ್ ಒಳನುಗ್ಗಿ ಮೆಂಬ್ರೇನ್ ತಿನ್ನುತ್ತದೆ.

ಶುದ್ಧ ಕುಡಿಯುವ ನೀರಿನ ಘಟಕದಿಂದ 20 ಲೀಟರ್ ಕ್ಯಾನ್ ತರುವವರಿಗೂ ಇದು ಅನ್ವಯ: ಆ ನೀರಿನಲ್ಲಿ ಕ್ಲೋರಿನ್ ಇರುವುದಿಲ್ಲ, ಕ್ಯಾನ್ ಒಳಗೆ ಬೆರಳಾಡಿಸಿದರೆ ಲೋಳೆ ಸಿಗುತ್ತದೆ. ವಾರಕ್ಕೊಮ್ಮೆ ಒಂದು ಲೀಟರ್ ನೀರಿಗೆ 5 ಶೇಕಡಾ ಹೈಪೋಕ್ಲೋರೈಟ್ ದ್ರಾವಣ 2 ಮಿಲಿಲೀಟರ್ ಹಾಕಿ, ಕ್ಯಾನ್‌ನಲ್ಲಿ ಸುರಿದು ಗಲಬರಿಸಿ ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಸುವಾಸನೆ ಸೇರಿಸಿದ ನೆಲ ಒರೆಸುವ ದ್ರಾವಣ ಬಳಸಬಾರದು.

ಪೈಪ್ ಪಾನಾ

ಅಕ್ಕಾರ, ಒಂದ ಮಾತು ಉಳಿದಿತ್ತು. ಹೊಸ ತುಂಡು ಹಾಕಿದ ಮ್ಯಾಲ ಮೊದಲ ಸಲ ನೀರು ಬಂದಾಗ ಎರಡು ಕೊಡ ಗಿಡಕ್ಕ ಬಿಡ್ರಿ, ಕೆಲಸ ಮಾಡುವಾಗಿನ ಮಣ್ಣು ಒಳಗ ಇರತೈತಿ. ಇಪ್ಪತ್ತು ನಿಮಿಷಕ್ಕ ಮತ್ತ ಡಿಪಿಡಿ ಹಾಕ್ರಿ. ಮ್ಯಾಲಿನ ಮನ್ಯಾಗಿನಂಗ 0.4ರ ಹತ್ತಿರ ಬಂತಂದ್ರ ಕೆಲಸ ಆತು. ಇನ್ನೂ 0.1 ತೋರಸ್ತು ಅಂದ್ರ ತೂತು ಗಟಾರದಾಗ ಒಂದ ಕಡೆ ಅಲ್ಲ. ಮೇನಿನಿಂದ ನಿಮ್ಮ ಪೈಪ್ ಏಳೋ ಜಾಗ, ಫೆರೂಲ್ ಹತ್ರ ಅಗಸ್ರಿ. ಅಲ್ಲಿ ಸ್ಯಾಡಲ್ (ಮೇನ್ ಪೈಪಿಗೆ ಬಿಗಿಯೋ ಪಟ್ಟಿ) ಕೆಳಗಿನ ರಬ್ಬರ್ ಒಣಗಿ ಬಿರಕು ಬಿಟ್ಟಿರತೈತಿ. ರಬ್ಬರ್ ಅಷ್ಟ ಬದಲ ಮಾಡಬ್ಯಾಡ್ರಿ, ಬೋಲ್ಟ್ ತುಕ್ಕು ಹಿಡಿದಿದ್ರ ಸ್ಯಾಡಲ್ ಪೂರಾ ಹೊಸಾದು ಹಾಕಸ್ರಿ, ಮಣ್ಣು ಮುಚ್ಚೋ ಮೊದಲು ನೀರು ಬಿಡಿಸಿ ಒಂದು ಹನಿನೂ ಸೋರವಲ್ದು ಅಂತ ಕಣ್ಣಾರೆ ನೋಡ್ರಿ.